ಬೇಲಿ ಸರಿದಾಗ ನಾವು ಮಾಡಬೇಕಾದುದೇನು?

(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಮಾತಿಗೆ ನಾವು ಆರಿಸಿಕೊಂಡಿರುವ ವಿಷಯ ಬಹಳ ಸಣ್ಣದೆಂದು ಕೆಲವರಿಗೆ ತೋರಬಹುದು. ಕೂಲಿ, ಬೋನಸ್ಸು, ಪಡಿತರ, ಅಂಗಡಿ ಬಾಡಿಗೆ ಇವನ್ನೆಲ್ಲ ಬಿಟ್ಟು ಹಿತ್ತಲ ಬೇಲಿಯ ಮಾತೇಕೆ ಎಂದು ಕೇಳಬಹುದು. ಆದರೆ ಸಭೆ ಮುಗಿದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಹತ್ತಿರ ಬಂದು, ದನಿ ತಗ್ಗಿಸಿ, ಜನ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. "ಪಕ್ಕದವರು ನಮ್ಮ ಹಿತ್ತಲು ಒತ್ತಿದ್ದಾರೆ, ಏನು ಮಾಡೋಣ?" ಕೂಲಿಯ ವಿಷಯವಾದರೆ ಸಂಘವಿದೆ. ಬೇಲಿಯ ವಿಷಯದಲ್ಲಿ ಮನುಷ್ಯ ಒಂಟಿ. ಎದುರಾಳಿಯೂ ದೂರದ ಧಣಿಯಲ್ಲ. ಬೆಳಗಾದರೆ ಮುಖ ನೋಡಬೇಕಾದವನು, ಮದುವೆಗೆ ಹಬ್ಬಕ್ಕೆ ಕರೆಯಬೇಕಾದವನು, ನಡುರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟಬೇಕಾದವನು. ಆದುದರಿಂದಲೇ ಈ ಜಗಳ ಬೇರೆ ಜಗಳಗಳಿಗಿಂತ ಬೇಗ ಕಹಿಯಾಗುತ್ತದೆ.

ಇನ್ನು ಹಿತ್ತಲೆಂದರೆ ಉಳ್ಳವರಿಗೆ ಹೂದೋಟ. ನಮಗೆ ಅದು ಉಗ್ರಾಣ. ಒಂದು ನುಗ್ಗೆ ಮರ, ಎರಡು ಬಾಳೆ, ಕರಿಬೇವಿನ ಗಿಡ, ಬಸಳೆಯ ಚಪ್ಪರ, ದೇವರಿದ್ದರೆ ಒಂದು ತೆಂಗು. ತಿಂಗಳ ಕೊನೆಯ ವಾರದಲ್ಲಿ ಕೈ ಬರಿದಾದಾಗ ಸಾರಿಗೆ ಸೊಪ್ಪು ಬರುವುದು ಅಲ್ಲಿಂದಲೇ. ಇಂಥ ಜಾಗದಲ್ಲಿ ಒಂದು ಮೊಳ ಹೋದರೂ ಹೊಟ್ಟೆಗೇ ತಟ್ಟುತ್ತದೆ.

ಒಂದೆರಡು ಅಡಿಯ ಲೆಕ್ಕ

"ಒಂದೆರಡು ಅಡಿಗೆ ಏನು ಜಗಳ?" ಎಂದು ಒತ್ತಿದವರು ದೊಡ್ಡ ಮನಸ್ಸಿನ ಮಾತಾಡುವುದುಂಟು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಕಪ್ಪು ಹಲಗೆಯ ಮೇಲೆ ಮಾಡಿಸುತ್ತಿದ್ದ ಲೆಕ್ಕವನ್ನೇ ಇಲ್ಲಿ ಮಾಡೋಣ. ಮೂವತ್ತಕ್ಕೆ ನಲವತ್ತರ ನಿವೇಶನವೆಂದರೆ 1,200 ಚದರ ಅಡಿ. ನಲವತ್ತು ಅಡಿ ಉದ್ದದ ಬದಿಯಲ್ಲಿ ಬೇಲಿ ಎರಡೇ ಅಡಿ ಈಚೆ ಬಂದರೆ 80 ಚದರ ಅಡಿ ಹೋಯಿತು. ಅಂದರೆ ಇಡೀ ನಿವೇಶನದ ಹದಿನೈದನೆಯ ಒಂದು ಪಾಲು. ಹದಿನೈದು ವರ್ಷ ಕಂತು ಕಟ್ಟಿ ಕೊಂಡ ನಿವೇಶನವಾದರೆ ಒಂದು ವರ್ಷದ ಕಂತನ್ನು ಪಕ್ಕದವರಿಗೆ ದಾನ ಮಾಡಿದಂತೆ.

ಊರ ಹೊರಗೆ ತುಂಡು ತೋಟವಿರುವವರ ಲೆಕ್ಕವನ್ನೂ ನೋಡಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಅಡಿಕೆ ಸಸಿಯನ್ನು ಸಾಮಾನ್ಯವಾಗಿ ಒಂಬತ್ತು ಅಡಿಗೊಂದರಂತೆ ನೆಡುತ್ತಾರೆ. ನೂರಡಿ ಉದ್ದದ ಬದಿಯಲ್ಲಿ ಬೇಲಿ ಒಂಬತ್ತು ಅಡಿ ಸರಿದರೆ ಒಂದು ಗುಂಟೆಯೂ ಪೂರ್ತಿ ಹೋಗಿರುವುದಿಲ್ಲ. ಆದರೆ ಹನ್ನೊಂದು ಹನ್ನೆರಡು ಮರದ ಒಂದು ಸಾಲೇ ಆಚೆ ಸೇರಿರುತ್ತದೆ. ಪಹಣಿಯಲ್ಲಿ ಕಣ್ಣಿಗೆ ಬೀಳದ ಒತ್ತುವರಿ ಕೊಯ್ಲಿನ ಕಾಲಕ್ಕೆ ಕಣ್ಣಿಗೆ ಬೀಳುತ್ತದೆ.

ಈ ಒತ್ತುವರಿ ಒಂದೇ ದಿನ ಆಗುವುದೂ ಇಲ್ಲ. ಜೀವಂತ ಬೇಲಿ ದಪ್ಪವಾಗುತ್ತದೆ. ಮಳೆಗಾಲದಲ್ಲಿ ಸತ್ತ ಗೂಟದ ಬದಲು ಹೊಸ ಗೂಟ ಹೂಳುವಾಗ ಗೇಣುದ್ದ ಈಚೆ ಹೂಳುತ್ತಾರೆ. ಆಮೇಲೆ ಅಲ್ಲಿ ನಾಲ್ಕು ಬಾಳೆ ಕಂದು ಏಳುತ್ತವೆ, ಸೌದೆ ಒಟ್ಟುತ್ತಾರೆ, ಬಟ್ಟೆ ಒಗೆಯುವ ಕಲ್ಲು ಬರುತ್ತದೆ. ಕೊನೆಗೆ ಒಂದು ದಿನ ಇಟ್ಟಿಗೆಯ ಲಾರಿ ಬರುತ್ತದೆ. ಗೂಟದ ದಿನ ಸುಮ್ಮನಿದ್ದವನು ಇಟ್ಟಿಗೆಯ ದಿನ ಕೂಗಾಡುತ್ತಾನೆ. ಕೂಗಬೇಕಾದ ದಿನ ಅದಲ್ಲ; ಮಾತಾಡಬೇಕಾದ ದಿನ ಗೂಟದ ದಿನವೇ ಆಗಿತ್ತು.

ಮೊದಲು ಕಾಗದ, ಆಮೇಲೆ ಮಾತು

ಜಗಳಕ್ಕೆ ಹೋಗುವ ಮೊದಲು ನಮ್ಮದು ಎಷ್ಟು ಎಂಬುದು ನಮಗೇ ಗೊತ್ತಿರಬೇಕು. "ಅಜ್ಜನ ಕಾಲದಿಂದ ಈ ಬೇವಿನ ಮರದವರೆಗೆ ನಮ್ಮದೇ" ಎಂಬ ಮಾತು ಮನಸ್ಸಿಗೆ ಸಮಾಧಾನ ಕೊಡುತ್ತದೆ. ಕಚೇರಿಯಲ್ಲಿ ಅದು ಒಂದೇ ಸಾಲದು.

ಮೊದಲನೆಯದು ಕ್ರಯಪತ್ರ, ಅಥವಾ ವಿಭಾಗಪತ್ರ, ದಾನಪತ್ರ. ಅದರ ಕೊನೆಯ ಷೆಡ್ಯೂಲಿನಲ್ಲಿ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಚಕ್ಕುಬಂದಿ ಬರೆದಿರುತ್ತದೆ, ಅಳತೆಯೂ ಇರುತ್ತದೆ. ಅಳತೆಗೂ ಚಕ್ಕುಬಂದಿಗೂ ವಿರೋಧ ಕಂಡಾಗ, ಚಕ್ಕುಬಂದಿ ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ನ್ಯಾಯಾಲಯ ಅದಕ್ಕೇ ಹೆಚ್ಚು ಬೆಲೆ ಕೊಡುತ್ತದೆ. ಪತ್ರ ಕಳೆದಿದ್ದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಇನ್ನೊಂದು ಮಾತು ಬಹಳ ಜನಕ್ಕೆ ತಿಳಿಯದು. 1908ರ ನೋಂದಣಿ ಕಾನೂನಿನ ಪ್ರಕಾರ ಸ್ಥಿರ ಆಸ್ತಿಯ ಪತ್ರಗಳನ್ನು ದಾಖಲಿಸುವ ಮೊದಲನೆಯ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ನಕಲು ಕೇಳಬಹುದು. ಪಕ್ಕದವರ ಪತ್ರದಲ್ಲಿ ಅವರ ಎಲ್ಲೆ ಎಲ್ಲಿಗೆ ನಿಂತಿದೆ ಎಂಬುದನ್ನು ನೋಡುವುದಕ್ಕೆ ಅವರ ಪೆಟ್ಟಿಗೆಯ ಬೀಗದ ಕೈ ಬೇಕಾಗಿಲ್ಲ.

ಎರಡನೆಯದು ಖಾತೆ ಮತ್ತು ಪಹಣಿ. ಖಾತೆ ಇದ್ದ ಮಾತ್ರಕ್ಕೆ ಒಡೆತನ ಬಂತೆಂದು ತಿಳಿದವರು ಬಹಳ. ಅದು ಹಾಗಲ್ಲ. ಖಾತೆ ಮುಖ್ಯವಾಗಿ ಕಂದಾಯ ಯಾರು ಕಟ್ಟಬೇಕು ಎಂಬುದರ ಲೆಕ್ಕ. ಪಹಣಿಗೆ ಸ್ವಲ್ಪ ಹೆಚ್ಚು ತೂಕವಿದೆ: 1964ರ ಕರ್ನಾಟಕ ಭೂಕಂದಾಯ ಕಾನೂನಿನ 133ನೆಯ ಕಲಮು ಅದರಲ್ಲಿ ಬರೆದುದನ್ನು ನಿಜವೆಂದು ಭಾವಿಸಬೇಕು ಎನ್ನುತ್ತದೆ, ಆದರೆ ಅದು ತಪ್ಪೆಂದು ತೋರಿಸುವವರೆಗೆ ಮಾತ್ರ. ಎಂದರೆ ಇವೆರಡೂ ಸಾಕ್ಷಿಗಳು, ತೀರ್ಪುಗಳಲ್ಲ. ನಮ್ಮ ಖಾತೆಯನ್ನು ನಂಬಿ ಕ್ರಯಪತ್ರ ಓದದೆ ಕೂರಬಾರದು. ಅವರ ಖಾತೆ ಕಂಡು ಎದೆಗುಂದಲೂ ಬಾರದು.

ಮೂರನೆಯದು ಅಳತೆ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಕೊಡಬೇಕು. ನಾಡಕಚೇರಿಯಲ್ಲಿ ಕೊಡಬಹುದು. ಸರ್ವೆಯವರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಕೊಟ್ಟು, ಹಳೆಯ ಟಿಪ್ಪಣಿ ಮತ್ತು ನಕ್ಷೆ ಇಟ್ಟುಕೊಂಡು ಅಳೆದು, ಎಲ್ಲೆ ತೋರಿಸಿ ನಕ್ಷೆ ಬರೆದು ಕೊಡುತ್ತಾರೆ. ನಿವೇಶನವಾದರೆ ಮಂಜೂರಾದ ಬಡಾವಣೆಯ ನಕ್ಷೆ ಪಡೆಯಬೇಕು. ಸಿಟಿ ಸರ್ವೆ ಆಗಿರುವ ಊರಾದರೆ ಅದರ ನಕ್ಷೆಯನ್ನೂ ಪಡೆಯಬೇಕು. ಅಳೆದ ಮೇಲೆ ನೆಟ್ಟ ಗಡಿಕಲ್ಲಿಗೆ ಕಾನೂನಿನ ಕಾವಲಿದೆ. ಸರ್ಕಾರಿ ಅಧಿಕಾರದಿಂದ ನೆಟ್ಟ ಗುರುತನ್ನು ಕೆಡಿಸುವುದು, ಸರಿಸುವುದು 1860ರ ದಂಡ ಸಂಹಿತೆಯಲ್ಲಿ ಅಪರಾಧವಾಗಿತ್ತು. ಅದರ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧವೇ. ಒಂದು ವರ್ಷದವರೆಗೆ ಸಜೆಯಾಗಬಹುದು.

ಕಾಗದ ಕೈಯಲ್ಲಿದ್ದಾಗ ಮಾತು ಮೆತ್ತಗಾಗುತ್ತದೆ. ಗೊತ್ತಿಲ್ಲದವನೇ ಕೂಗುವುದು. ಬೆಳಗಿನ ಹೊತ್ತು, ಇಬ್ಬರೂ ಹೊಟ್ಟೆ ತುಂಬಿ ನೆಮ್ಮದಿಯಾಗಿರುವಾಗ ಹೋಗಿ. "ಯಜಮಾನ್ರೇ, ಬೇಲಿ ಈ ಸಲ ಸ್ವಲ್ಪ ಈಚೆ ಬಂದ ಹಾಗೆ ಕಾಣುತ್ತೆ. ನಮ್ಮ ಪತ್ರ ಇಲ್ಲಿದೆ, ನಿಮ್ಮದನ್ನೂ ತನ್ನಿ. ಇಬ್ಬರೂ ಸೇರಿ ಒಂದು ಸಲ ಟೇಪು ಹಿಡಿದು ನೋಡೋಣ" ಎಂದು ಹೇಳಿ. "ನೀವು ಕದ್ದಿರಿ" ಎನ್ನುವುದಕ್ಕೂ "ಅಳೆದು ನೋಡೋಣ" ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯ ಮಾತಿಗೆ ಜಗಳವೇ ಉತ್ತರ. ಎರಡನೆಯದನ್ನು ನೆಟ್ಟಗಿರುವ ಮನುಷ್ಯ ಒಪ್ಪುತ್ತಾನೆ. ಒಪ್ಪದವನು ತನ್ನ ಮನಸ್ಸನ್ನು ತಾನೇ ಬಿಚ್ಚಿ ತೋರಿಸಿದಂತಾಗುತ್ತದೆ. ಅಳೆಯುವ ದಿನ ಕೇರಿಯ ಇಬ್ಬರು ಹಿರಿಯರಿರಲಿ. ಸರ್ವೆಯ ಖರ್ಚು ಅರ್ಧ ಅರ್ಧವಿರಲಿ. ಅಳತೆ ನಮಗೆ ವಿರೋಧವಾಗಿ ಬಂದರೂ ಒಪ್ಪುತ್ತೇವೆ ಎಂಬ ಮಾತು ಮೊದಲೇ ಆಗಿರಲಿ. ತನಗೆ ಬೇಡವಾದ ಅಳತೆಯನ್ನು ಒಪ್ಪದವನಿಗೆ ನ್ಯಾಯ ಕೇಳುವ ಬಾಯಿಯಿಲ್ಲ.

ರಾಜಿಯಾದರೆ ಬರೆದಿಡಿ. ಇರುವ ಎಲ್ಲೆಯನ್ನೇ ಇಬ್ಬರೂ ಒಪ್ಪಿ ಗುರುತಿಸಿದರೆ ಒಂದು ಒಪ್ಪಂದದ ಕಾಗದ, ನಕ್ಷೆ, ಸಾಕ್ಷಿಗಳ ಸಹಿ ಇರಬೇಕು. ಆದರೆ ಒಬ್ಬರು ಇನ್ನೊಬ್ಬರಿಗೆ ಜಾಗವನ್ನೇ ಬಿಟ್ಟುಕೊಡುವುದಾದರೆ ಬರಿಯ ಸಹಿ ಸಾಲದು. ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರ ಆಸ್ತಿಯ ಹಕ್ಕನ್ನು ಪತ್ರದ ಮೂಲಕ ಬಿಟ್ಟುಕೊಟ್ಟರೆ ಅದು ನೋಂದಣಿಯಾಗಬೇಕು. ಇಂದು ನೂರು ರೂಪಾಯಿಗೆ ಒಂದು ಹೆಜ್ಜೆ ನೆಲವೂ ಬಾರದು. ಆದುದರಿಂದ ಎಲ್ಲ ಪರಭಾರೆಗೂ ನೋಂದಣಿ ಬೇಕೆಂದೇ ತಿಳಿಯಿರಿ.

ಹನ್ನೆರಡು ವರ್ಷದ ಗಡಿಯಾರ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಸುಮ್ಮನಿರುವುದು ಒಳ್ಳೆಯತನವೆಂದು ನಮ್ಮ ಜನ ಭಾವಿಸುತ್ತಾರೆ. ಕಾನೂನು ಹಾಗೆ ಭಾವಿಸುವುದಿಲ್ಲ. 1963ರ ಕಾಲಮಿತಿ ಕಾನೂನಿನ ಪ್ರಕಾರ, ಇನ್ನೊಬ್ಬರು ನಮ್ಮ ಜಾಗವನ್ನು ನಮಗೆ ವಿರುದ್ಧವಾಗಿ ಹಿಡಿದಂದಿನಿಂದ 12 ವರ್ಷದೊಳಗೆ ಸ್ವಾಧೀನಕ್ಕೆ ದಾವೆ ಹೂಡಬೇಕು. ಹೂಡದಿದ್ದರೆ ಅದೇ ಕಾನೂನಿನ 27ನೆಯ ಕಲಮಿನಂತೆ ನಮ್ಮ ಹಕ್ಕೇ ಅಳಿದುಹೋಗುತ್ತದೆ. ಇದನ್ನೇ ಪ್ರತಿಕೂಲ ಸ್ವಾಧೀನವೆನ್ನುವುದು. 2014ರ ಮಳೆಗಾಲದಲ್ಲಿ ಸರಿದ ಬೇಲಿಗೆ 2026ರ ಮಳೆಗಾಲಕ್ಕೆ ಹನ್ನೆರಡು ತುಂಬುತ್ತದೆ. ಹೀಗೆ ಹಕ್ಕು ಪಡೆದವನು ಕಟಕಟೆಯಲ್ಲಿ ನಿಂತು ತಡೆಯುವುದಷ್ಟೇ ಅಲ್ಲ, ತಾನೇ ವಾದಿಯಾಗಿ ದಾವೆಯನ್ನೂ ತರಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಹಾಗೆಂದು ಹೆದರಬೇಕಾಗಿಲ್ಲ. ಪ್ರತಿಕೂಲ ಸ್ವಾಧೀನವೆಂದು ಹೇಳುವವನೇ ಅದನ್ನು ರುಜುವಾತು ಮಾಡಬೇಕು. ಬಹಿರಂಗವಾಗಿ, ಎಡೆಬಿಡದೆ, ಒಡೆಯನ ಹಕ್ಕನ್ನು ಧಿಕ್ಕರಿಸಿ ಹಿಡಿದಿದ್ದೆನೆಂದು ತೋರಿಸಬೇಕು. ಅನುಮತಿ ಪಡೆದು ಇದ್ದವನು ಎಷ್ಟು ವರ್ಷ ಇದ್ದರೂ ಅಷ್ಟರಿಂದಲೇ ಒಡೆಯನಾಗುವುದಿಲ್ಲ. ಇಲ್ಲಿ ನಮಗೊಂದು ಪಾಠವಿದೆ. ಪಕ್ಕದ ಮನೆಯ ಅಜ್ಜಿ ನಮ್ಮ ಹಿತ್ತಲ ಮೂಲೆಯಲ್ಲಿ ಸೊಪ್ಪು ಬೆಳೆದುಕೊಳ್ಳುತ್ತೇನೆಂದರೆ ಬೇಡವೆನ್ನಬೇಕಾಗಿಲ್ಲ. "ನಿಮ್ಮ ಜಾಗದಲ್ಲಿ ನಿಮ್ಮ ಒಪ್ಪಿಗೆಯಿಂದ ಬೆಳೆದುಕೊಳ್ಳುತ್ತಿದ್ದೇನೆ, ಕೇಳಿದಾಗ ಬಿಡುತ್ತೇನೆ" ಎಂದು ಎರಡು ಸಾಲು ಬರೆಸಿಕೊಂಡರೆ ಸ್ನೇಹವೂ ಉಳಿಯಿತು, ನೆಲವೂ ಉಳಿಯಿತು. ಅಜ್ಜಿಯ ಮೇಲೆ ನಂಬಿಕೆಯಿಲ್ಲವೆಂದು ಇದರ ಅರ್ಥವಲ್ಲ. ಅಜ್ಜಿಯ ನಂತರ ಬರುವವರಿಗೆ ನಡೆದುದು ತಿಳಿದಿರಲಿ ಎಂದು ಅರ್ಥ.

ಇನ್ನೊಂದು ಗಡಿಯಾರ ಇದಕ್ಕಿಂತ ಬೇಗ ಓಡುತ್ತದೆ. 1963ರದೇ ನಿರ್ದಿಷ್ಟ ಪರಿಹಾರ ಕಾನೂನಿನ 6ನೆಯ ಕಲಮು. ನಮ್ಮ ಕೈಯಲ್ಲಿದ್ದ ಜಾಗದಿಂದ ನಮ್ಮನ್ನು ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಜಾಗವನ್ನು ಹಿಂದಕ್ಕೆ ಪಡೆಯಬಹುದು. ಆ ದಾವೆಯಲ್ಲಿ ಒಡೆತನ ಯಾರದೆಂಬ ಉದ್ದದ ವಿಚಾರಣೆಯಿಲ್ಲ. ಕೈಯಲ್ಲಿ ಯಾರಿಗಿತ್ತು, ಕಿತ್ತವರು ಯಾರು ಎಂಬುದಷ್ಟೇ ಪ್ರಶ್ನೆ. ಸರ್ಕಾರದ ಮೇಲೆ ಮಾತ್ರ ಈ ದಾವೆ ನಡೆಯದು. ಆರು ತಿಂಗಳು ಕಳೆದ ಮೇಲೆ ಈ ಬಾಗಿಲು ಮುಚ್ಚುತ್ತದೆ. ಆಮೇಲೆ ಉಳಿಯುವುದು ಉದ್ದದ ದಾರಿಯೇ.

ಕೊಡಲಿ ಎತ್ತಬೇಡಿ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ಬೇಲಿಯ ಜಗಳಕ್ಕೆಂದೇ ಹುಟ್ಟಿದಂತಿದೆ. ರಾತ್ರಿ ಹೋಗಿ ಬೇಲಿ ಕಿತ್ತು ಬಂದರೆ ಬೆಳಗಾಗುವುದರೊಳಗೆ ಫಿರ್ಯಾದಿ ಅವನು, ಆರೋಪಿ ನಾವು. ನೆಲದ ಪ್ರಶ್ನೆ ಹಿಂದೆ ಸರಿದು ಹೊಡೆದಾಟದ ಪ್ರಶ್ನೆ ಮುಂದೆ ಬರುತ್ತದೆ. ಗಿರಣಿಯ ಪಾಳಿ ಬಿಟ್ಟು ಠಾಣೆಗೆ, ಕೋರ್ಟಿಗೆ ಅಲೆಯುವವನು ಯಾರು? ಅಂಗಡಿ ಬಾಗಿಲು ಹಾಕಿ ವಾಯಿದೆಗೆ ಹೋಗುವವನು ಯಾರು? ಎರಡು ಅಡಿ ನೆಲಕ್ಕಾಗಿ ಎರಡು ಮನೆಯ ಗಂಡುಮಕ್ಕಳು ಜೈಲು ಕಂಡ ಊರುಗಳನ್ನು ನಾವು ನೋಡಿದ್ದೇವೆ.

ಅದೂ ಅಲ್ಲದೆ, ಸ್ವಾಧೀನ ನೆಲೆಗೊಂಡ ಮೇಲೆ ನಿಜವಾದ ಒಡೆಯನೂ ಅವನನ್ನು ಬಲದಿಂದ ಹೊರಹಾಕುವಂತಿಲ್ಲ, ಕಾನೂನಿನ ಮೂಲಕವೇ ಹೋಗಬೇಕು. ಕರ್ನಾಟಕದಿಂದ ಹೋಗಿದ್ದ ಒಂದು ದಾವೆಯಲ್ಲಿ 2003ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಗೂಟ ಹೂಳುತ್ತಿರುವಾಗಲೇ ಎದುರು ನಿಂತು ತಡೆಯುವುದು ಬೇರೆ. ವರ್ಷಗಟ್ಟಲೆ ನಿಂತ ಬೇಲಿಯನ್ನು ನುಗ್ಗಿ ಕೀಳುವುದು ಬೇರೆ.

ಮರದ ವಿಷಯವೂ ಹೀಗೆಯೇ. ಅವರ ಮಾವಿನ ಕೊಂಬೆ ನಮ್ಮ ಹೆಂಚಿನ ಮೇಲೆ ಬಂದರೆ, ನಮ್ಮ ಎಲ್ಲೆಯೊಳಗಿನಷ್ಟು ಭಾಗವನ್ನು, ಅವರ ಜಾಗಕ್ಕೆ ಕಾಲಿಡದೆ ಕತ್ತರಿಸಬಹುದೆಂಬುದು ಬಹುಕಾಲದಿಂದ ನಡೆದುಬಂದ ನ್ಯಾಯ. ಆದರೆ ಮರ ಅವರದು, ಕಾಯಿಯೂ ಅವರದು. ಕತ್ತರಿಸುವ ಮೊದಲು ಒಂದು ಮಾತು ಹೇಳಿದರೆ ನಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಬುಡದಿಂದಲೇ ಕಡಿಯುವುದಾದರೆ, ಅದು ನಮ್ಮ ಮರವೇ ಆದರೂ, 1976ರ ಮರಗಳ ಸಂರಕ್ಷಣಾ ಕಾನೂನು ಅನೇಕ ಜಾತಿಯ ಮರಗಳಿಗೆ ಅನುಮತಿ ಕೇಳುತ್ತದೆ.

ಪೊಲೀಸರ ಹತ್ತಿರ ಹೋಗಬಾರದೇ? ಹೊಡೆದರೆ, ಬೆದರಿಸಿದರೆ, ಒಳಗೆ ನುಗ್ಗಿದರೆ ಅವಶ್ಯವಾಗಿ ಹೋಗಬೇಕು. ಆದರೆ ಎಲ್ಲೆ ಎಲ್ಲಿದೆ ಎಂದು ತೀರ್ಮಾನಿಸುವ ಅಧಿಕಾರ ಠಾಣೆಗಿಲ್ಲ. ಠಾಣೆಯಲ್ಲಿ ಕೂರಿಸಿ ಹೆದರಿಸಿ ಬರೆಸಿದ ಮುಚ್ಚಳಿಕೆಯಿಂದ ನೆಲ ಕೈ ಬದಲಾಯಿಸುವುದಿಲ್ಲ. ಯಾರಾದರೂ ಹಾಗೆಂದು ಹೇಳಿದರೆ ನಂಬಬೇಡಿ. ಓದಿ ತಿಳಿಯದ ಕಾಗದಕ್ಕೆ ಸಹಿ ಮಾಡಬೇಡಿ.

ಕೋರ್ಟಿನ ದಾರಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಈ ಮಾತಿನಲ್ಲಿ ಅನುಭವವಿದೆ. ಆದರೆ ಇದೇ ಮಾತನ್ನು ಹೇಳಿ ಬಡವನನ್ನು ಮನೆಗೆ ಕಳಿಸುವವರಲ್ಲಿ ಒತ್ತುವರಿ ಮಾಡಿದವನೂ ಒಬ್ಬನೆಂಬುದನ್ನು ಮರೆಯಬಾರದು.

ಮಾತು ಮುರಿದರೆ ಮೊದಲು ವಕೀಲರ ಮೂಲಕ ನೋಟೀಸು ಕೊಡಿಸಿ, ಅಂಚೆಯ ರಸೀದಿ ಇಟ್ಟುಕೊಳ್ಳಿ. ನೋಟೀಸಿನಿಂದ ಹನ್ನೆರಡು ವರ್ಷದ ಗಡಿಯಾರ ನಿಲ್ಲುವುದಿಲ್ಲ, ದಾವೆಯಿಂದಲೇ ನಿಲ್ಲುವುದು. ನಮ್ಮ ಹಕ್ಕು ಸ್ಪಷ್ಟವಾಗಿದ್ದು, ಜಾಗ ನಮ್ಮ ಕೈಯಲ್ಲೇ ಇದ್ದು, ಪಕ್ಕದವರು ತೊಂದರೆ ಕೊಡುತ್ತಿದ್ದರೆ ತಡೆಯಾಜ್ಞೆಯ ದಾವೆ ಸಾಕು. ಹಕ್ಕಿನ ಮೇಲೆಯೇ ನಿಜವಾದ ತಕರಾರು ಎದ್ದಿದ್ದರೆ ಹಕ್ಕು ಘೋಷಣೆಯನ್ನೂ, ಜಾಗ ಕೈಬಿಟ್ಟಿದ್ದರೆ ಸ್ವಾಧೀನವನ್ನೂ ಕೇಳಬೇಕು. ಸುಪ್ರೀಂ ಕೋರ್ಟು 2008ರಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಬರಿಯ ತಡೆಯಾಜ್ಞೆ ಕೇಳಿ ವರ್ಷಗಟ್ಟಲೆ ನಡೆಸಿ, ಕೊನೆಗೆ "ಕೇಳಬೇಕಾದುದನ್ನು ಕೇಳಲಿಲ್ಲ" ಎಂದು ಸೋತವರಿದ್ದಾರೆ. ವಕೀಲರಿಗೆ ಈ ಪ್ರಶ್ನೆಯನ್ನು ಮೊದಲ ದಿನವೇ ಹಾಕಿ. ಸ್ಥಳ ಅಳೆದು ವರದಿ ಕೊಡಲು ಕಮಿಷನರನ್ನು ನೇಮಿಸಬೇಕೆಂದು ನ್ಯಾಯಾಲಯವನ್ನು ಕೇಳಬಹುದು. ಎಲ್ಲೆಯ ದಾವೆಗಳಲ್ಲಿ ಆ ವರದಿ ಬಹಳ ಸಲ ದಾವೆಯ ಬೆನ್ನುಮೂಳೆ. ಕಾಂಪೌಂಡು ಗೋಡೆ ಎಬ್ಬಿಸುತ್ತಿದ್ದರೆ ಪಾಯ ತೋಡುವಾಗಲೇ ಹೋಗಿ. ಕಟ್ಟಿ ಮುಗಿಯುವವರೆಗೆ ನೋಡುತ್ತಿದ್ದು ಆಮೇಲೆ ಕೆಡವಿಸಿ ಎಂದರೆ, ಇಷ್ಟು ದಿನ ಎಲ್ಲಿದ್ದಿರಿ ಎಂದು ನ್ಯಾಯಾಧೀಶರು ಕೇಳದೆ ಬಿಡರು.

ಖರ್ಚಿನ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮನ್ನು ಇಲ್ಲಿರುವ ಪ್ರತಿಯೊಬ್ಬ ಕಾರ್ಮಿಕನೂ ಬಾಯಿಪಾಠ ಮಾಡಬೇಕು. ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕುಳ್ಳವರ ಪಟ್ಟಿಯಲ್ಲಿ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರ ಜೊತೆಗೆ ಕೈಗಾರಿಕಾ ಕಾರ್ಮಿಕನ ಹೆಸರೂ ಸ್ಪಷ್ಟವಾಗಿ ಇದೆ. ಸಣ್ಣ ವ್ಯಾಪಾರಿಗೆ ಸರ್ಕಾರ ಗೊತ್ತುಮಾಡಿದ ವರಮಾನದ ಮಿತಿಯೊಳಗಿದ್ದರೆ ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿಯೇ ಇದರ ಸಮಿತಿಯಿದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ಹಿಂದಕ್ಕೆ ಬರುತ್ತದೆ. ಆ ತೀರ್ಮಾನದ ಮೇಲೆ ಅಪೀಲಿಲ್ಲ. ನೆರೆಹೊರೆಯ ಜಗಳಕ್ಕೆ ಇದಕ್ಕಿಂತ ತಕ್ಕ ಜಾಗ ಕಡಿಮೆ. ಆದರೆ ಅಪೀಲಿಲ್ಲವಾದುದರಿಂದ ಒಪ್ಪುವ ಮೊದಲು ನಕ್ಷೆಯನ್ನು ಚೆನ್ನಾಗಿ ನೋಡಿ ಒಪ್ಪಿ.

ಬಲವಂತನ ಎದುರು

ಇಲ್ಲಿಯವರೆಗೆ ಸಮಾನರ ಮಾತಾಯಿತು. ಆದರೆ ಎಲ್ಲ ಒತ್ತುವರಿಯೂ ಸಮಾನರ ನಡುವೆ ಆಗುವುದಿಲ್ಲ. ಗಂಡ ಸತ್ತ ಹೆಂಗಸಿನ ಹಿತ್ತಲು, ಕೆಲಸ ಹುಡುಕಿ ಬೆಂಗಳೂರಿಗೆ ಹೋದವನ ಹಿತ್ತಲು, ಓದು ಬಾರದ ಮುದುಕನ ತೋಟ, ಬೇಲಿ ಸರಿಯುವುದು ಹೆಚ್ಚಾಗಿ ಇಂಥ ಕಡೆಗೇ. ಹಣವುಳ್ಳವನ ಆಯುಧ ಕಾಲಹರಣ. ವಾಯಿದೆ ಮೇಲೆ ವಾಯಿದೆ ಬಿದ್ದಷ್ಟೂ ಅವನಿಗೆ ಲಾಭ. ಬಡವನ ಆಯುಧ ಎರಡು: ಕಾಗದ ಮತ್ತು ಸಾಕ್ಷಿ. ಕಾಗದ ಕಚೇರಿಯಲ್ಲಿ ಸಿಗುತ್ತದೆ. ಸಾಕ್ಷಿ ಸಿಗುವುದು ಕೇರಿಯಲ್ಲಿ, ಎಂದರೆ ನಮ್ಮಲ್ಲಿ.

ಇಲ್ಲಿಯೇ ನಮ್ಮ ಪರೀಕ್ಷೆ. "ನಮಗೇಕೆ ಇಲ್ಲದ ಉಸಾಬರಿ" ಎಂದು ಕಿಟಕಿ ಮುಚ್ಚಿಕೊಳ್ಳುವ ಕೇರಿಯಲ್ಲಿ ಪ್ರತಿಯೊಂದು ಬೇಲಿಯೂ ಸರದಿಯ ಮೇಲೆ ಸರಿಯುತ್ತದೆ. ಇಂದು ಆಕೆಯದು, ನಾಳೆ ನಮ್ಮದು. ಅಳತೆಯ ದಿನ ಹತ್ತು ಜನ ಬಂದು ಸುಮ್ಮನೆ ನಿಂತರೆ ಸಾಕು. ಕೂಗಬೇಕಾಗಿಲ್ಲ, ಕೈ ಮಾಡಬೇಕಾಗಿಲ್ಲ. ಹತ್ತು ಜೊತೆ ಕಣ್ಣಿನ ಎದುರಿಗೆ ಟೇಪು ಉದ್ದವಾಗುವುದಿಲ್ಲ, ಗಿಡ್ಡವಾಗುವುದೂ ಇಲ್ಲ. ಆಮೇಲೆ ಪಂಚನಾಮೆಗೆ ಸಹಿ ಹಾಕುವ ಧೈರ್ಯ ಇಬ್ಬರಿಗಿದ್ದರೆ ಅರ್ಧ ದಾವೆ ಅಲ್ಲೇ ಗೆದ್ದಂತೆ.

ಇನ್ನೊಬ್ಬ ನೆರೆಯವನಿದ್ದಾನೆ, ಅವನಿಗೆ ಬಾಯಿಲ್ಲ. ಅವನು ಬೀದಿ, ಚರಂಡಿ, ಕೆರೆಯಂಚು, ಮಕ್ಕಳಾಡುವ ಮೈದಾನ. ಅವನ ಕಡೆಗೆ ನಮ್ಮ ಮೆಟ್ಟಿಲು ಚಾಚಿದರೆ, ಅಂಗಡಿಯ ಕಟ್ಟೆ ಚರಂಡಿಯ ಮೇಲೆ ಕುಳಿತರೆ ಅದೂ ಒತ್ತುವರಿಯೇ. ಸರ್ಕಾರ ತನ್ನ ಜಾಗಕ್ಕಾಗಿ ದಾವೆ ಹೂಡಲು 30 ವರ್ಷದ ಕಾಲಾವಕಾಶವಿದೆ. ಸರ್ಕಾರಿ ಜಮೀನಿನ ಕಬಳಿಕೆಗೆಂದೇ 2011ರ ಕಾನೂನೊಂದು ಬೇರೆ ಇದೆ. ಕಾನೂನಿನ ಭಯ ಹಾಗಿರಲಿ. ಪಕ್ಕದವನ ಎರಡಡಿ ಕೇಳಲು ಹೊರಟವನ ಮನೆಯ ಮುಂದೆ ಊರಿನ ಮೂರಡಿ ಇದ್ದರೆ ಅವನ ಮಾತು ನಿಲ್ಲುವುದೆಲ್ಲಿ?

ಕಡೆಯದಾಗಿ, ಮನೆಗೆ ಹೋಗಿ ಮಾಡಬೇಕಾದುದನ್ನು ಹೇಳಿ ಮುಗಿಸುತ್ತೇವೆ. ಟ್ರಂಕಿನ ತಳದಲ್ಲಿರುವ ಕ್ರಯಪತ್ರವನ್ನು ತೆಗೆದು, ಓದಬಲ್ಲ ಮಕ್ಕಳ ಕೈಲಿ ಚಕ್ಕುಬಂದಿಯನ್ನು ಗಟ್ಟಿಯಾಗಿ ಓದಿಸಿ. ಹೆಂಡತಿಗೂ ಹೆಣ್ಣುಮಕ್ಕಳಿಗೂ ಕೇಳಿಸುವಂತೆ ಓದಿಸಿ. ನಾಳೆ ಅದನ್ನು ಕಾಯಬೇಕಾದವರು ಅವರೇ ಆಗಬಹುದು. ಟೇಪು ಹಿಡಿದು ನಾಲ್ಕು ಬದಿ ಅಳೆದು, ಬಂದ ಅಳತೆಯನ್ನು ತಾರೀಖು ಹಾಕಿ ಬರೆದಿಡಿ. ಬೇಲಿಯ ಚಿತ್ರವನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಅಳತೆ ಸರಿಯಿದ್ದರೆ ಪಕ್ಕದವರನ್ನು ಕರೆದು ಒಂದು ಲೋಟ ಕಾಫಿ ಕೊಡಿ. ಸರಿಯಿಲ್ಲದಿದ್ದರೂ ಮೊದಲು ಕಾಫಿಯನ್ನೇ ಕೊಡಿ. ಕಾಗದವನ್ನು ಆಮೇಲೆ ತೋರಿಸಿ.